ಗಿರಿಧರನ ಬ್ಯಾಟರಿಗೆ ಇನ್ನೂ ಜೀವವಿತ್ತು

ನನ್ನ ತಮ್ಮ ಗಿರಿಧರನ ವಿಷಯ ಹೇಳಬೇಕೆಂದರೆ ಎಲ್ಲಿಂದ ಶುರು ಮಾಡುವುದು ಎನ್ನುವುದೇ ಒಂದು ಫಜೀತಿ. ಹುಟ್ಟಿದ್ದರಿಂದ ಶುರು ಮಾಡಿದರೆ ಬ್ಯಾಟರಿಗೆ ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಬ್ಯಾಟರಿಯಿಂದಲೇ ಶುರು ಮಾಡಿದರೆ ಅವನನ್ನು ಬರೀ ಜಿಪುಣ ಅಂದುಕೊಳ್ಳುತ್ತಾರೆ. ಅವನು ಜಿಪುಣನಲ್ಲ. ಇದನ್ನು ಮೊದಲು ಬರೆದುಕೋ ಆಶ್ರಿತಾ. ಮನೆಗೆ ಬಂದವರಿಗೆ ಎರಡನೇ ಸಲ ಮೂರನೇ ಸಲ ತುಪ್ಪ ಬಡಿಸುವ ಕೈ ಅವನದು. ಅವನಿಗಿರುವ ಕಾಯಿಲೆ ಬೇರೆ. ಯಾರು ಏನು ಹೇಳಿದರೂ ಅವನು ನಂಬುವುದಿಲ್ಲ.

ಅದು ಅವನ ನೌಕರಿಯಿಂದ ಬಂದ ಕಾಯಿಲೆ. ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದ. ಗಾಡಿಗೆ ಅಪಘಾತವಾಯಿತು, ಪರಿಹಾರ ಕೊಡಿ ಎಂದು ಯಾರಾದರೂ ಅರ್ಜಿ ಹಾಕಿದರೆ ಹೋಗಿ ನೋಡಿ ಬರುವ ಕೆಲಸ. ಅರಸೀಕೆರೆಯಿಂದ ಹೊರಟವನು ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಅಹಮದಾಬಾದಿಗೆ ವರ್ಗವಾಗಿ ಬಂದ. ಇಲ್ಲೇ ರಿಟೈರ್ ಆಗಿ ಇಲ್ಲೇ ಉಳಿದ. ಒಮ್ಮೆ ಖೇಡಾ ಕಡೆಯ ಒಬ್ಬ ಮನುಷ್ಯ, ಎಮ್ಮೆ ಗುದ್ದಿ ನನ್ನ ಕಾರಿನ ಬಾಗಿಲು ತಗ್ಗಾಯಿತು ಎಂದು ಬರೆದುಕೊಟ್ಟನಂತೆ. ಬೇರೆಯವರಾಗಿದ್ದರೆ ಬಾಗಿಲು ನೋಡಿ ಬರುತ್ತಿದ್ದರು. ನಮ್ಮವನು ಎಮ್ಮೆ ನೋಡಲು ಹೋದ. ಅದರ ಕೊಂಬು ಸುತ್ತಿಕೊಂಡು ಕಿವಿಯ ಹತ್ತಿರ ಬಂದಿದೆ, ಇದು ಗುದ್ದಿದರೆ ಬಾಗಿಲಿಗಿಂತ ಮೊದಲು ಇದರ ತಲೆಯೇ ತಗ್ಗಾಗಬೇಕು ಎಂದು ವರದಿ ಕೊಟ್ಟ. ಎಮ್ಮೆಯ ಯಜಮಾನಿ ಅವನಿಗೆ ಒಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳಂತೆ, ತನ್ನ ಎಮ್ಮೆಯ ಮರ್ಯಾದೆ ಉಳಿಯಿತಲ್ಲ ಎಂದು.

ಇಂಥವನು ಮನೆಯಲ್ಲಿ ಹೇಗಿರುತ್ತಾನೆ ಯೋಚನೆ ಮಾಡಿ. ನನ್ನ ಮಂಡಿ ನೋವಿಗೆ ಡಾಕ್ಟರು, ಮಂಡಿ ಬದಲಾಯಿಸಬೇಕು ಎಂದರು. ಗಿರಿ ಅವರ ಎದುರಿಗೇ, "ಬದಲಾಯಿಸ್ಬೇಕು ಅಂತಿರೋರು ಯಾರು? ಬದಲಾಯಿಸೋರೇ ತಾನೆ? ಏಳಕ್ಕಾ ಮೇಲೆ" ಎಂದು ನನ್ನನ್ನು ಎಬ್ಬಿಸಿಕೊಂಡು ಬಂದ. ಮಂಡಿ ಇನ್ನೂ ಹುಟ್ಟಿದಾಗ ಕೊಟ್ಟಿದ್ದೇ ಇದೆ. ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ, ಇರಲಿ.

ಈಗ ಬ್ಯಾಟರಿಗೆ ಬರುತ್ತೇನೆ.

ನಮ್ಮದು ಸ್ಯಾಟಲೈಟ್ ಅನ್ನುವ ಬಡಾವಣೆಯಲ್ಲಿ ಒಂದು ಹಳೆಯ ಹೌಸಿಂಗ್ ಸೊಸೈಟಿ. ಕೆಳಗಿನ ಮನೆಯಲ್ಲಿ ನನ್ನ ಮಗ ಅಜಯ್, ಇದನ್ನು ಬರೆದುಕೊಳ್ಳುತ್ತಿರುವ ಸೊಸೆ ಆಶ್ರಿತಾ ಮತ್ತು ನಾನು. ಮೇಲಿನ ಮನೆಯಲ್ಲಿ ಗಿರಿಧರ ಮತ್ತು ಅವನ ಹೆಂಡತಿ ಸುಭದ್ರಾ. ಬೇವಿನ ಮರದ ನೆರಳಿನ ಜಾಗದಲ್ಲಿ ಪಟೇಲರ ಕಾರು ವರ್ಷಗಟ್ಟಲೆಯಿಂದ ಅಲುಗಾಡದೆ ಮಲಗಿದೆ. ಹಾಗಾಗಿ ಗಿರಿಯ ಬೂದು ಬಣ್ಣದ ಕಾರು ಬಿಸಿಲಲ್ಲೇ ನಿಲ್ಲುತ್ತದೆ. ಅಹಮದಾಬಾದಿನ ಬಿಸಿಲು ಅಂದರೆ ತಮಾಷೆಯಲ್ಲ. ಬಾನೆಟ್ ಮೇಲೆ ಹಪ್ಪಳ ಒಣಗಿಸಬಹುದು, ನಾನು ಒಣಗಿಸಿದ್ದೇನೆ. ಅಂಥ ಐದು ಬೇಸಿಗೆ ಕಂಡ ಬ್ಯಾಟರಿ ಅದು.

ಬೆಳಿಗ್ಗೆ ಕೀ ತಿರುಗಿಸಿದರೆ ಕಾರು ನಾನು ಹಾಸಿಗೆಯಿಂದ ಏಳುವ ಹಾಗೆ ಏಳುತ್ತಿತ್ತು. ಮೊದಲು ಒಂದು ನರಳಾಟ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ, ಆಮೇಲೆ ಇನ್ನೊಂದು ನರಳಾಟ, ಕೊನೆಗೆ ಹೇಗೋ ಎದ್ದಂತೆ. ಕಿಟಕಿಯ ಗಾಜು ಏರಿಸಿದರೆ ಮುಂದಿನ ದೀಪ ಮಂಕಾಗುತ್ತಿತ್ತು. ಬ್ಯಾಟರಿಯ ತಲೆಯ ಮೇಲೆ ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬಂದ ಹಾಗೆ ಬಿಳಿ ಪುಡಿ. ಗಿರಿ ಅದಕ್ಕೆ ಸುಭದ್ರಾಳ ಅಡುಗೆ ಸೋಡಾ, ಬಿಸಿನೀರು ಹಾಕಿ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕುತ್ತಿದ್ದ. ಅವತ್ತು ಢೋಕ್ಲಾ ಉಬ್ಬದೆ ಇಟ್ಟಿಗೆಯ ಹಾಗಾದರೆ ಯಾಕೆ ಎಂದು ನಾವು ಯಾರೂ ಕೇಳುತ್ತಿರಲಿಲ್ಲ.

ಮೂಲೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಭರತ್‌ಭಾಯಿ ಒಳ್ಳೆಯ ಮನುಷ್ಯ. ಕಾರಿನ ನರಳಾಟ ಅವನ ಅಂಗಡಿಯವರೆಗೂ ಕೇಳಿಸುತ್ತದಲ್ಲ, ಒಂದು ದಿನ ಅವನೇ ಬಂದ. "ಕಾಕಾ, ಬೆಟರಿ ಗಯೀ" ಎಂದ, ಬ್ಯಾಟರಿ ಹೋಯಿತು ಎಂದು. ನನ್ನ ಹತ್ತಿರ ಮೀಟರ್ ಇದೆ, ಬ್ಯಾಟರಿಗೆ ಕೆಲಸದ ಭಾರ ಹೊರಿಸಿ ಪರೀಕ್ಷೆ ಮಾಡಿಕೊಡುತ್ತೇನೆ, ದುಡ್ಡೇನೂ ಬೇಡ ಎಂದ. ಗಿರಿ ನಕ್ಕ. ಅವನು ಹಾಗೆ ನಕ್ಕರೆ ಆ ಮಾತು ಅಲ್ಲಿಗೆ ಮುಗಿಯಿತು ಎಂದೇ ಅರ್ಥ.

ಮೇಲೆ ಬಂದು ನಮಗೆ ಹೇಳಿದ: "ಮೀಟರ್ ಅವನದು, ಅಂಗಡಿ ಅವನದು, ಮಾರೋ ಬ್ಯಾಟರಿನೂ ಅವನದೇ. ಸಾಕ್ಷಿನೂ ಅವನೇ, ಜಡ್ಜೂ ಅವನೇ. ನಾನೇನು ನಿನ್ನೆ ಹುಟ್ಟಿದ್ದೀನಾ?"

"ಮತ್ತೆ ಯಾರು ಹೇಳಿದ್ರೆ ನಂಬ್ತೀರಿ?" ಎಂದಳು ಸುಭದ್ರಾ.

"ಬ್ಯಾಟರಿನೇ ಹೇಳ್ಬೇಕು."

ಬ್ಯಾಟರಿಯ ಬಾಯಿಂದ ಹೇಳಿಸಲು ಅವನೇ ಒಂದು ಮೀಟರ್ ಕೊಂಡು ತಂದ. ಹಳದಿ ಬಣ್ಣದ್ದು, ಕೆಂಪು ವೈರು ಕಪ್ಪು ವೈರು. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಕೆಳಗೆ ಹೋಗಿ ಬಾನೆಟ್ ಎತ್ತಿ ನೋಡಿ ನನ್ನ ಕಿಟಕಿಗೆ ಕೂಗುವುದು: "ಅಕ್ಕಾ, ಹನ್ನೆರಡೂವರೆ ವೋಲ್ಟ್! ಇನ್ನೂ ಜೀವ ಇದೆ!" ಪಕ್ಕದ ಮನೆಯ ಗುಜರಾತಿ ಮುದುಕಿ ಬಹಳ ದಿನ ಅದನ್ನು ನಮ್ಮ ಕಡೆಯ ಸೂರ್ಯ ನಮಸ್ಕಾರದ ಮಂತ್ರ ಅಂದುಕೊಂಡಿದ್ದಳು. ತನ್ನ ಮೊಮ್ಮಗನಿಗೂ ಕಲಿಸಿಕೊಡಿ ಎಂದು ಕೇಳಿದ್ದಳು.

ನಾನು ಒಂದು ದಿನ ಹೇಳಿದೆ: "ಲೋ ಗಿರಿ, ಮಲಗಿಸಿ ನಾಡಿ ಹಿಡಿದು ನೋಡಿದ್ರೆ ನಾನೂ ಇಪ್ಪತ್ತರ ಹುಡುಗಿನೇ ಕಣೋ. ಕೈಗೊಂದು ಗ್ಯಾಸ್ ಸಿಲಿಂಡರ್ ಕೊಟ್ಟು ಮೇಲಿನ ಮನೆಗೆ ಹತ್ತಿಸಿ ನೋಡು, ಆಗ ಗೊತ್ತಾಗುತ್ತೆ."

"ನಿನಗೂ ಇನ್ನೂ ಜೀವ ಇದೆ ಬಿಡಕ್ಕಾ" ಎಂದು ಮೀಟರಿನ ವೈರು ಸುತ್ತಿಟ್ಟ.

ಹೀಗೆ ನಡೆಯುತ್ತಿರುವಾಗ ಸೂರತ್ತಿನಿಂದ ಸುದ್ದಿ ಬಂತು. ಗಿರಿಯ ಒಬ್ಬಳೇ ಮಗಳು ಅರ್ಚಿತಾಳಿಗೆ ಸೀಮಂತ. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಬಸಿರು. ಅವಳ ಗಂಡ ಅಭಿಷೇಕ್ ಸೂರತ್ತಿನ ಬಟ್ಟೆ ಮಿಲ್ಲಿನಲ್ಲಿ ಎಂಜಿನಿಯರ್. ಮಾವ ಕೆಂಪಣ್ಣನವರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ನಮ್ಮ ಮನೆಯ ಪದ್ಧತಿಯಲ್ಲಿ ತವರಿನ ಅಪ್ಪ ಅಮ್ಮ ಇಬ್ಬರೂ ಜೊತೆಗೆ ನಿಂತು ಮಡಿಲು ತುಂಬಬೇಕು. ಒಬ್ಬರೇ ತುಂಬುವ ಹಾಗಿಲ್ಲ. ಅದೂ ರಾಹುಕಾಲಕ್ಕೆ ಮುಂಚೆ ಆಗಬೇಕು ಎಂದು ಪುರೋಹಿತರು ಫೋನಿನಲ್ಲೇ ಹೇಳಿದ್ದರು.

ಅಜಯ್ ತನ್ನ ಕಾರಿನಲ್ಲಿ ಆಶ್ರಿತಾಳನ್ನು ಕರೆದುಕೊಂಡು ರಾಜಕೋಟಿಗೆ ಹೋಗಿದ್ದ. ರೈಲಿನಲ್ಲಿ ಹೋಗೋಣವೆಂದರೆ ಹಸಿರು ಗಾಜಿನ ಬಳೆ, ಚಕ್ಕುಲಿ, ಕೊಬ್ಬರಿ ಮಿಠಾಯಿ, ಮೊಗ್ಗಿನ ಜಡೆ, ಇಷ್ಟನ್ನೂ ನೂಕುನುಗ್ಗಲಲ್ಲಿ ಹೊತ್ತು ಹೋಗುವವರು ಯಾರು? ಗಿರಿಯ ಕಾರಿನಲ್ಲೇ ಹೋಗಬೇಕು. ಸುಭದ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ರೀ, ಆ ಬ್ಯಾಟರಿ ಬದಲಾಯಿಸಿ. ನನ್ನ ಮಗಳ ಸೀಮಂತ ಇದು."

"ಬಂದ್ಮೇಲೆ ನೋಡೋಣ. ಬೆಳಿಗ್ಗೆ ಹನ್ನೆರಡೂವರೆ ತೋರಿಸಿದೆ."

"ದಾರೀಲಿ ನಿಂತ್ರೆ?"

"ಕಾರು ಹೊರಟ ಮೇಲೆ ಬ್ಯಾಟರಿಗೆ ಕೆಲಸಾನೇ ಇಲ್ಲ ಸುಭದ್ರಾ. ಎಂಜಿನ್ ಓಡ್ತಾ ಇರುತ್ತೆ. ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಸೂರತ್ತಿನವರೆಗೂ ಆಫೇ ಮಾಡಲ್ಲ. ಮುಗೀತಲ್ಲ?"

ಅವನ ಲೆಕ್ಕ ಅವನಿಗೆ ಸರಿಯಾಗಿತ್ತು. ಒಂದೇ ಒಂದು ವಿಷಯ ಮರೆತಿದ್ದ. ಅವನ ಕಾರು ಓಡುವುದು ಸಿಎನ್‌ಜಿ ಗ್ಯಾಸಿನಲ್ಲಿ. ಪಂಪಿನಲ್ಲಿ ಗ್ಯಾಸ್ ತುಂಬುವಾಗ ಎಂಜಿನ್ ಆಫ್ ಮಾಡಲೇಬೇಕು, ಒಳಗಿರುವವರು ಎಲ್ಲರೂ ಇಳಿದು ದೂರ ನಿಲ್ಲಲೇಬೇಕು. ಹಿಂದಿನ ದಿನವೇ ತುಂಬಿಸಿಕೊಂಡಿದ್ದರೆ ಆಗುತ್ತಿತ್ತು. ಆದರೆ ಪಂಪಿಗೆ ಹೋದರೆ ಆಫ್ ಮಾಡಬೇಕಲ್ಲ, ಬ್ಯಾಟರಿಗೆ ಯಾಕೆ ಆಯಾಸ ಎಂದು ಆ ಕೆಲಸವನ್ನೇ ಬಿಟ್ಟಿದ್ದ! ಪೆಟ್ರೋಲ್ ಟ್ಯಾಂಕಿನ ಕೆಂಪು ದೀಪವಂತೂ ಯಾವ ಕಾಲದಿಂದ ಉರಿಯುತ್ತಿತ್ತೋ, ನಾವು ಅದನ್ನು ಕಾರಿನ ಅಲಂಕಾರ ಅಂದುಕೊಂಡಿದ್ದೆವು.

ಮುಂಜಾನೆ ಹೊರಟೆವು. ಎರಡು ನರಳಾಟಕ್ಕೇ ಕಾರು ಎದ್ದಿತು. ಡಿಕ್ಕಿಯ ತುಂಬ ಗ್ಯಾಸಿನ ಟ್ಯಾಂಕೇ ಇರುವುದರಿಂದ ಸಾಮಾನೆಲ್ಲ ನಮ್ಮ ತೊಡೆಯ ಮೇಲೆ. ಸುಭದ್ರಾಳ ತೊಡೆಯ ಮೇಲೆ ಬಳೆ, ನನ್ನ ತೊಡೆಯ ಮೇಲೆ ಮೊಗ್ಗಿನ ಜಡೆ. ಗಾಡಿ ಉಬ್ಬು ಹಾರಿದಾಗೆಲ್ಲ ಬಳೆಗಳು ಝಲ್ ಅನ್ನುವವು, ಸುಭದ್ರಾ "ಶಿವನೇ" ಅನ್ನುವಳು. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಗಿರಿ ರಾಜನ ಹಾಗೆ ಕೂತಿದ್ದ. ದೀಪ ಹಾಕಲಿಲ್ಲ, ಫ್ಯಾನ್ ಹಾಕಲಿಲ್ಲ, ಹಾರ್ನೂ ಹೊಡೆಯಲಿಲ್ಲ. ಅಡ್ಡ ಬಂದವರಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ಓ ಭಾಯ್" ಎಂದು ಬಾಯಲ್ಲೇ ಕೂಗಿದ. ಬ್ಯಾಟರಿಯ ಖರ್ಚು ಉಳಿಯಲಿ ಎಂದು.

ವಡೋದರಾ ಮುಟ್ಟಿ ಮಕರಪುರದ ಕಡೆ ಬರುವಷ್ಟರಲ್ಲಿ ಗ್ಯಾಸ್ ಮುಗಿಯುವ ಸೂಚನೆ ಬಂತು. ಗಿರಿಯ ಮುಖದ ಬಣ್ಣವೂ ಇಳಿಯಿತು. ಕಾರ್ಖಾನೆಗಳಿಗೆ ಹೋಗುವ ರಿಕ್ಷಾಗಳೆಲ್ಲ ಆ ಪಂಪಿನಲ್ಲೇ ನಿಂತಿದ್ದವು. ಸಾಲಿನಲ್ಲಿ ಇಂಚಿಂಚೇ ಮುಂದೆ ಹೋದೆವು, ಎಂಜಿನ್ ಆಫ್ ಮಾಡದೆ. ನಮ್ಮ ಸರದಿ ಬಂದಾಗ ಪಂಪಿನವನು, "ಕಾಕಾ, ಗಾಡೀ ಬಂಧ್ ಕರೋ. ಬಧಾ ನೀಚೆ ಊತರೋ" ಎಂದ.

ಗಿರಿ ಅವನಿಗೆ ಗುಜರಾತಿಯಲ್ಲಿ, ಹಿಂದಿಯಲ್ಲಿ, ಕೊನೆಗೆ ಗಾಬರಿಯಲ್ಲಿ ಕನ್ನಡದಲ್ಲಿ ವಿನಂತಿ ಮಾಡಿಕೊಂಡ. "ಸ್ವಲ್ಪ ಹಾಗೇ ಹಾಕಪ್ಪಾ." ಅವನು ಕೈಯಲ್ಲಿದ್ದ ಪೈಪನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೈಕಟ್ಟಿ ನಿಂತ. ಹಿಂದಿನ ರಿಕ್ಷಾಗಳು ಪೀಂ ಪೀಂ ಶುರು ಮಾಡಿದವು. ಗಿರಿ ಕಣ್ಣು ಮುಚ್ಚಿ ಕೀ ತಿರುಗಿಸಿ ಆಫ್ ಮಾಡಿದ.

ಗ್ಯಾಸ್ ತುಂಬಿತು. ಕೀ ತಿರುಗಿಸಿದರೆ ಟಕ್. ಅಷ್ಟೇ. ನರಳಾಟ ಕೂಡ ಇಲ್ಲ.

"ಬೆಟರಿ ಗಯೀ!" ಎಂದು ರಿಕ್ಷಾದವರೆಲ್ಲ ಒಟ್ಟಿಗೆ ಕೂಗಿದರು, ಭಜನೆಯವರ ಹಾಗೆ. ಆದರೆ ಒಳ್ಳೆಯ ಜನ ಕಣಮ್ಮ. ಬೈದುಕೊಂಡೇ ಬಂದು ಹಿಂದೆ ಕೈ ಕೊಟ್ಟರು. "ಧಕ್ಕೋ ಮಾರೋ!" ಎಂದು ಪಂಪಿನಿಂದ ಆಚೆ ರಸ್ತೆಯವರೆಗೆ ತಳ್ಳಿಕೊಂಡು ಹೋದರು. ಗಿರಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಕಾರು ಒಮ್ಮೆ ಬಿಕ್ಕಳಿಸಿ ಓಡಿಯೇ ಬಿಟ್ಟಿತು. ಓಡಿತು ಅಂದರೆ ಹೊರಟೇ ಹೋಯಿತು! ನಾನೂ ಸುಭದ್ರಾಳೂ ಬಳೆ, ಜಡೆ ಹಿಡಿದುಕೊಂಡು ಪಂಪಿನಲ್ಲೇ ನಿಂತಿದ್ದೇವೆ.

"ಅಕ್ಕಾ, ನಿಮ್ಮ ತಮ್ಮ ಹೋಗ್ಬಿಟ್ರಲ್ಲ!"

"ನಿನ್ನ ಗಂಡ ಕಣೇ ಹೋಗಿದ್ದು. ನನ್ನ ತಮ್ಮ ಹೀಗಿರಲಿಲ್ಲ."

ನಿಲ್ಲಿಸಿದರೆ ಆರಿಹೋದೀತೆಂಬ ಹೆದರಿಕೆಗೆ ಅವನು ಎಲ್ಲೋ ದೂರದ ಸರ್ಕಲ್ಲಿನವರೆಗೆ ಹೋಗಿ ತಿರುಗಿಸಿಕೊಂಡು ಬಂದ. ಅಷ್ಟರಲ್ಲಿ ರಿಕ್ಷಾದವರು ನಮ್ಮಿಬ್ಬರಿಗೂ ಚಾ ತರಿಸಿಕೊಟ್ಟಿದ್ದರು. ಅವರಲ್ಲೊಬ್ಬ ಬಳೆ ನೋಡಿ ಯಾರ ಮದುವೆ ಎಂದು ಕೇಳಿದ. ಸೀಮಂತ ಎಂದೆ. ನಮ್ಮಲ್ಲೂ ಅದನ್ನು ಮಾಡುತ್ತೇವೆ, ಮಡಿಲು ತುಂಬುತ್ತೇವೆ ಎಂದು ಖುಷಿಪಟ್ಟು ತನ್ನ ಹೆಂಡತಿಯ ವಿಷಯ ಹೇಳತೊಡಗಿದ. ಆ ಹುಡುಗಿಗೆ ಹುಣಸೆಹಣ್ಣಿನ ಬಯಕೆಯಂತೆ. ಹೇಳುವುದು ಬಹಳ ಇದೆ, ಇರಲಿ.

ಗಿರಿ ಬಂದ. ಎಂಜಿನ್ ಗುರ್ರೆಂದು ಅಬ್ಬರಿಸುತ್ತಿತ್ತು. ಪಂಪಿನ ಎದುರಿಗೇ ಒಂದು ದೊಡ್ಡ ಬ್ಯಾಟರಿ ಅಂಗಡಿ ಬಾಗಿಲು ತೆಗೆಯುತ್ತಿತ್ತು. ಸುಭದ್ರಾ ಬೆರಳು ತೋರಿಸಿದಳು.

"ಪೂಜೆಗೆ ತಡ ಆಗುತ್ತೆ ಸುಭದ್ರಾ. ಹತ್ತಿ, ಹತ್ತಿ!"

"ಇವತ್ತು ನೀವೇನಾದ್ರೂ ನನ್ನ ಮಗಳ ಮಡಿಲು ತುಂಬೋ ಹೊತ್ತಿಗೆ ಇರಲಿಲ್ಲ ಅಂದ್ರೆ, ಆ ಮೀಟರನ್ನ ನಿಮ್ಮ ಬಾಯಿಗೇ ಇಟ್ಟು ನೋಡ್ತೀನಿ" ಎಂದು ಹೇಳಿ ಹತ್ತಿದಳು. ಆಮೇಲೆ ಭರೂಚ್ ದಾಟುವವರೆಗೂ ಕಾರಿನಲ್ಲಿ ಮಾತನಾಡಿದ್ದು ಬಳೆಗಳು ಮಾತ್ರ.

ಸೂರತ್ತಿನ ಅಡಾಜಣ್‌ನಲ್ಲಿ ಬೀಗರ ಫ್ಲಾಟಿನ ಕೆಳಗೆ ಹೋಗಿ ನಿಂತಾಗ ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾವಿಬ್ಬರೂ ಇಳಿದೆವು. ಗಿರಿ ಇಳಿಯಲಿಲ್ಲ.

"ನೀವು ನಡೀರಿ, ಬಂದೆ."

ಮೇಲೆ ಮನೆ ತುಂಬ ಜನ. ಅರ್ಚಿತಾ ಹಸಿರು ಸೀರೆಯಲ್ಲಿ, ಮೊಗ್ಗಿನ ಜಡೆ ಹಾಕಿಸಿಕೊಂಡು ಮಣೆಯ ಮೇಲೆ ಕೂತರೆ ಕಣ್ಣು ತುಂಬುವ ಹಾಗಿದ್ದಳು. ಪುರೋಹಿತರು ತಾಯಿ ತಂದೆ ಬನ್ನಿ ಎಂದರು. ತಾಯಿ ಬಂದಳು. ತಂದೆ ಇಲ್ಲ. ಕೆಂಪಣ್ಣನವರು ಬಾಲ್ಕನಿಯಿಂದ ಬಗ್ಗಿ ನೋಡಿ, "ಬೀಗರು ಕಾರಲ್ಲೇ ಕೂತಿದ್ದಾರಲ್ಲ! ನಮ್ಮಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕೈ ಹಿಸುಕಿಕೊಂಡರು. ಬೀಗರು ಮನೆಯೊಳಗೆ ಬರಲಿಲ್ಲ ಅಂದರೆ ಮುನಿಸಿಕೊಂಡಿದ್ದಾರೆ ಅಂತಲೇ ಅರ್ಥ ತಾನೆ? ಅವರ ಹೆಂಡತಿಯ ಮುಖ ಬಿಳುಚಿತು. ಮದುವೆಯ ಬೀಗರೂಟದಲ್ಲಿ ನಮ್ಮ ಹೋಳಿಗೆ ತಣ್ಣಗಿತ್ತು ಅಂದಿದ್ದರಲ್ಲ, ಅದನ್ನೇ ಮನಸ್ಸಲ್ಲಿ ಇಟ್ಟುಕೊಂಡಿದ್ದಾರಾ ಎಂದು ನನ್ನ ಕಿವಿಯಲ್ಲಿ ಕೇಳಿದರು. ಬ್ಯಾಟರಿ ಎಂದು ನಾನು ಹೇಗೆ ಹೇಳಲಿ?

ಕೆಳಗೆ ಕಾವಲುಗಾರ ಗಾಡಿ ಬಂದ್ ಮಾಡಿ ಎನ್ನುತ್ತಿದ್ದ. ನೆಲಮಹಡಿಯ ಹೆಂಗಸು ಹೊಗೆ ಅಡುಗೆ ಮನೆಗೆ ಬರುತ್ತಿದೆ ಎಂದು ಸೌಟು ಹಿಡಿದೇ ಹೊರಗೆ ಬಂದಿದ್ದಳು. ಗಿರಿ ಇಬ್ಬರಿಗೂ ಕೈ ಮುಗಿಯುತ್ತ, ಕಾಲನ್ನು ಆಕ್ಸಿಲರೇಟರಿನ ಮೇಲಿಂದ ತೆಗೆಯದೆ ಕೂತಿದ್ದ.

ಅರ್ಚಿತಾ ಫೋನ್ ಕೇಳಿದಳು. ಮಣೆಯ ಮೇಲಿಂದಲೇ ಮಾಡಿದಳು.

"ಅಪ್ಪಾ, ಮೇಲೆ ಬನ್ನಿ."

"ಬರ್ತೀನಿ ಪುಟ್ಟಾ. ಇದು ಸ್ವಲ್ಪ ಚಾರ್ಜ್ ಆಗ್ಲಿ ಅಂತ. ಈಗ ಆಫ್ ಮಾಡಿದ್ರೆ ಮತ್ತೆ ಏಳಲ್ಲ. ಬೀಗರ ಮನೆ ಮುಂದೆ ಮಾನ ಹೋಗುತ್ತೆ."

"ಆಯ್ತು. ಹಾಗಾದ್ರೆ ನೀವು ಬರೋವರೆಗೂ ನಾನು ಮಣೆಯಿಂದ ಏಳಲ್ಲ. ರಾಹುಕಾಲ ಬಂದ್ರೂ ಸರಿ. ನನಗೂ ನಿಮ್ಮ ಮೊಮ್ಮಗೂಗೂ ಹಸಿವಾಗಿದೆ, ಇಬ್ಬರೂ ಹೀಗೇ ಕೂತಿರ್ತೀವಿ."

ಫೋನಿನಲ್ಲಿ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಗಿರಿ ಕೀ ಜೇಬಿಗೆ ಹಾಕಿಕೊಂಡು ಇಳಿಯುತ್ತಿದ್ದ. ಬಾನೆಟ್ಟನ್ನು ಒಮ್ಮೆ ತಟ್ಟಿ ಮೆಟ್ಟಿಲು ಹತ್ತಿಬಂದ. ಕೈಕಾಲು ತೊಳೆದು ಸುಭದ್ರಾಳ ಪಕ್ಕದಲ್ಲಿ ನಿಂತು ಮಗಳ ಮಡಿಲು ತುಂಬಿದ. ಅವಸರಕ್ಕೆ ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಬೀಗಿತ್ತಿ ಅವನ ಎಲೆಗೆ ಹೊಗೆಯಾಡುವ ಹೋಳಿಗೆ ಬಡಿಸುತ್ತಲೇ ಇದ್ದರು.

ಊಟವಾಗಿ, ತಾಂಬೂಲವಾಗಿ, ಹೊರಡುವ ಹೊತ್ತು. ಬೀಗರ ಮನೆಯವರೆಲ್ಲ ಕಳಿಸಿಕೊಡಲು ಕೆಳಗೆ ಬಂದರು. ಗಿರಿ ಕೀ ತಿರುಗಿಸಿದ. ಟಕ್.

ಅವನ ಕಿವಿ ಕೆಂಪಾಯಿತು. ಕೆಂಪಣ್ಣನವರು ಏನಾದರೂ ಚುಚ್ಚಿ ಮಾತಾಡುತ್ತಾರೆ ಎಂದೇ ನಾನು ಅಂದುಕೊಂಡೆ. ಅವರು ರೇಷ್ಮೆ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿದರು. ಶಲ್ಯವನ್ನು ಹೆಂಡತಿಯ ಕೈಗೆ ಕೊಟ್ಟರು. ಕಾರಿನ ಹಿಂದೆ ಹೋಗಿ ಎರಡೂ ಅಂಗೈ ಡಿಕ್ಕಿಗೆ ಊರಿ, "ಅಭೀ, ಆ ಕಡೆ ಹಿಡ್ಕೋ. ಸ್ವಾಮಿಗಳೇ, ನೀವೂ ಒಂದು ಕೈ ಹಾಕಿ" ಎಂದರು. ಪುರೋಹಿತರೂ ದಕ್ಷಿಣೆಯ ಚೀಲ ಬಗಲಿಗೆ ಏರಿಸಿಕೊಂಡು ಬಂದರು.

ಗಿರಿ ಕನ್ನಡಿಯಲ್ಲಿ ನೋಡಿದ. ಗಂಡಿನ ಕಡೆಯ ಬೀಗರು, ಅಳಿಯ, ಪುರೋಹಿತರು, ಮೂವರೂ ಬಗ್ಗಿ ಅವನ ಕಾರಿಗೆ ಹೆಗಲು ಕೊಟ್ಟಿದ್ದಾರೆ! ಕಾರು ಇನ್ನೂ ಒಂದು ಗೇಣೂ ಅಲುಗಿರಲಿಲ್ಲ, ಬಾಗಿಲು ತೆಗೆದು ಹಾರಿಯೇ ಇಳಿದ.

"ಬಿಡಿ ಬಿಡಿ ಬಿಡಿ! ಕೈ ತೆಗೀರಿ ಬೀಗರೇ! ನಿಮ್ಮ ಕೈಲಿ ಕಾರು ತಳ್ಳಿಸೋದಾ ನಾನು? ಹೊಸದು ಹಾಕಿಸ್ತೀನಿ. ಈಗಲೇ. ಇಲ್ಲೇ!"

ಭರತ್‌ಭಾಯಿಯಿಂದ ಆಗಲಿಲ್ಲ, ಸುಭದ್ರಾಳಿಂದ ಆಗಲಿಲ್ಲ, ಮಕರಪುರದ ರಿಕ್ಷಾದವರಿಂದ ಆಗಲಿಲ್ಲ. ಕೆಂಪಣ್ಣನವರ ಎರಡು ಅಂಗೈಯಿಂದ ಆಯಿತು. ಕೈ ಒರೆಸಿಕೊಳ್ಳುತ್ತ ಅವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಬ್ಯಾಂಕಿನಲ್ಲಿ ಸಾಲ ವಸೂಲಿ ವಿಭಾಗದಲ್ಲಿ ಇದ್ದವರಂತೆ, ಆಮೇಲೆ ಗೊತ್ತಾಯಿತು.

ಅಭಿಷೇಕ್ ಫೋನ್ ಮಾಡಿದ. ಅಂಗಡಿಯವನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಹೊಸ ಬ್ಯಾಟರಿ ಇಟ್ಟುಕೊಂಡು ಬಂದ. ಹಳೆಯದನ್ನು ಬಿಚ್ಚುವ ಮುಂಚೆ ಗಿರಿ ಅವನನ್ನು ತಡೆದ.

"ಇದಕ್ಕೆ ಒಂದ್ಸಲ ಭಾರ ಹೊರಿಸಿ ನೋಡಪ್ಪಾ."

ಅವನು ತನ್ನ ಮೀಟರ್ ಸಿಕ್ಕಿಸಿ ಗುಂಡಿ ಒತ್ತಿದ. ಮುಳ್ಳು ನಿಂತಲ್ಲಿ ನಿಲ್ಲದೆ, ನಿದ್ದೆ ಬಂದವನ ತಲೆಯ ಹಾಗೆ ತೂಗಿ ಕೆಳಗೆ ಬಿತ್ತು. ಗಿರಿ ತನ್ನ ಹಳದಿ ಮೀಟರನ್ನೂ ಇಟ್ಟು ಇನ್ನೊಮ್ಮೆ ಒತ್ತಿಸಿದ. ಅದರಲ್ಲೂ ಅಂಕಿ ಜರ್ರೆಂದು ಇಳಿಯಿತು.

"ಈಗ ಸಾಬೀತಾಯ್ತು" ಎಂದ, ದೊಡ್ಡ ಕೇಸು ಮುಗಿಸಿದವನ ಹಾಗೆ. "ಇವತ್ತಿನವರೆಗೂ ಜೀವ ಇತ್ತು. ಸರಿಯಾದ ದಿನಕ್ಕೇ ಬದಲಾಯಿಸಿದ್ದೀನಿ."

ಸುಭದ್ರಾ ಆಕಾಶ ನೋಡಿದಳು.

ವಾಪಸ್ಸು ಬರುವಾಗಿನ ಕಥೆ ಕೇಳಬೇಡಿ. ಹೊಸ ಬ್ಯಾಟರಿ ಕೀ ಮುಟ್ಟಿದರೆ ಸಾಕು, ಜುಮ್ಮೆಂದು ಏಳುತ್ತಿತ್ತು. ಆ ಸಂತೋಷಕ್ಕೆ ಗಿರಿ ಸಿಗ್ನಲ್ ಬಂದರೆ ಆಫ್, ಚಾ ಅಂಗಡಿ ಕಂಡರೆ ಆಫ್, ಎಮ್ಮೆ ಅಡ್ಡ ಬಂದರೂ ಆಫ್. ಹಾರ್ನು ಹೊಡೆದದ್ದೇ ಹೊಡೆದದ್ದು, ಖಾಲಿ ರಸ್ತೆಯಲ್ಲಿ ಕೂಡ. "ರೀ, ಇವತ್ತೇ ಇದನ್ನೂ ಮುಗಿಸ್ತೀರಾ?" ಎಂದು ಸುಭದ್ರಾ ಕೇಳಿದ ಮೇಲೆ ಸ್ವಲ್ಪ ಕಡಿಮೆಯಾಯಿತು. ಮಕರಪುರದ ಆ ಪಂಪಿನಲ್ಲಿ ಬೇಕೆಂದೇ ನಿಲ್ಲಿಸಿ, ಬಾಕಿ ಉಳಿದಿದ್ದ ಕೊಬ್ಬರಿ ಮಿಠಾಯಿಯನ್ನು ಅಲ್ಲಿದ್ದ ರಿಕ್ಷಾದವರಿಗೆಲ್ಲ ಹಂಚಿದ. ಬೆಳಗಿನವರಲ್ಲಿ ಒಬ್ಬನೂ ಇರಲಿಲ್ಲ. ಇದ್ದವರು ಯಾಕೆ, ಏನು ಎಂದು ಕೇಳದೆ ತಿಂದರು.

ಮಾರನೆಯ ದಿನ ಬೆಳಿಗ್ಗೆ ನಾನು ಕಿಟಕಿಯ ಹತ್ತಿರ ಕಾಫಿ ಕುಡಿಯುತ್ತಿದ್ದೆ. ಇನ್ನು ಕೂಗು ಇರುವುದಿಲ್ಲ ಅಂದುಕೊಂಡಿದ್ದೆ. ಎಲ್ಲಿ! ಬಾನೆಟ್ ಎತ್ತಿದ ಸದ್ದಾಯಿತು. ಹಳದಿ ಮೀಟರ್ ಹಿಡಿದು ಬಂದ. ಆದರೆ ಅಂಕಿ ಕೂಗಲಿಲ್ಲ. ಕಿಟಕಿಯ ಕಂಬಿ ಹಿಡಿದು ನನ್ನ ಕಾಲಿನ ಕಡೆ ನೋಡಿದ.

"ಅಕ್ಕಾ, ನಿನ್ನೆ ಬೀಗರ ಮನೆ ಮೆಟ್ಟಿಲು ಇಳಿಯೋವಾಗ ನಿನ್ನ ಮಂಡಿ ತುಂಬಾ ಸದ್ದು ಮಾಡ್ತಾ ಇತ್ತು. ಆ ಡಾಕ್ಟರ ಹತ್ತಿರ ಇನ್ನೊಂದ್ಸಲ ಹೋಗಿ ಬರೋಣ್ವಾ?"

"ಬೇಡ ಕಣೋ" ಎಂದೆ. "ಇನ್ನೂ ಜೀವ ಇದೆ."